ಮುದ್ದೆಮಾಲು

ಹೆಸರು ಫಕೀರವ್ವ ರೀ. ಗಂಡನ ಹೆಸರು ಬ್ಯಾಡ,
ಅಂವ ಈ ಕೇಸಿನ್ಯಾಗ ಇಲ್ಲ.
ಊರು ರೋಣದ ಕಡೆ. ಇಲ್ಲಿ ಕೋಲ್ವಾದಾಗ
ಎಳನೀರು ಕೊಚ್ಚಾಕ ಹತ್ತಿ ಹದಿನಾಲ್ಕು ವರ್ಷ ಆತು.
ಕೊಂಕಣಿ ಬರತೈತಿ, ಚಿಲ್ಲರೆ ಎಣಸಾಕ ಆಗುವಷ್ಟು.
ಪ್ರಮಾಣ ಮಾಡಿ ಹೇಳಾಕ ಕನ್ನಡನ ಬೇಕು.
ನಿಧಾನ ತಿರುವ್ರಿ ಅಣ್ಣಾ, ನಾ ಅಂದಷ್ಟ ಅನ್ರಿ.

ಮೇ ತಿಂಗಳು. ಇಗರ್ಜಿ ಗಂಟಿ ಹನ್ನೆರಡು ಬಡದು ಮುಗದಿತ್ತು.
ಬಿಳಿ ಕಾರು, ಪುಣೆ ಪಾಸಿಂಗು, ನಾಕೂ ಗಾಜು ಬಿಗಿ.
ಒಳಗ ಕಂದು ನಾಯಿ, ಕೊರಳಾಗ ಬೆಳ್ಳಿ ಗುಂಡಿನ ಪಟ್ಟಿ,
ನನ್ನ ಕಾಲಗೆಜ್ಜಿಗಿಂತ ತೂಕದ್ದು.

ಬಿಸಿಲು ನನಗ ಗೊತ್ತು ಸಾಹೇಬ್ರ.
ಪತ್ರಾಸಿನ ಕೆಳಗ ಎರಡು ಮಕ್ಕಳನ್ನ ಹಡದಾಕಿ ನಾನು.
ಬಯಲ ಬಿಸಿಲು ಬಡೀತೈತಿ, ಬಿಡತೈತಿ.
ಮುಚ್ಚಿದ ಬಿಸಿಲು ಬ್ಯಾರೆ,
ಅದು ಕುಂತು ಉಣ್ಣತೈತಿ.

ಮೊದಲು ಬೊಗಳತಿತ್ತು.
ನಾ ಗಿರಾಕಿ ನೋಡಕೋತ ಇದ್ದೆ, ಸುಳ್ಳ್ಯಾಕ ಹೇಳಲಿ.
ಆಮ್ಯಾಲೆ ಬೊಗಳೋದು ನಿಂತಿತು.
ಅದು ನಿಂತಾಗ ನಾ ಎದ್ದೆ.

ಹೋಟೆಲ್ಲಿಗೆ ಓಡಿದೆ. ವಾಚ್‌ಮನ್ ಅಂಗೈ ಮ್ಯಾಲೆ ನಂಬರು ಬರಕೊಂಡ,
ಒಳಗ ಹಾಡು ಜೋರಿತ್ತು, ಯಾರೂ ಹೊರಗ ಬರಲಿಲ್ಲ.
ಪೊಲೀಸರಿಗೆ ಫೋನು ಹಚ್ಚಿಸಿದೆ. ಬರತೇವಿ ಅಂದ್ರು.
ತಿರಗಿ ಬಂದು ನೋಡಿದರ ನಾಲಿಗಿ ನೀಲಿ.
ಗಾಜಿನ ಒಳಬದಿ ಉಸಿರಿನ ಕಲಿ, ಗೇಣಷ್ಟು,
ಅದೂ ಸಣ್ಣದಾಗಾಕ ಹತ್ತಿತ್ತು.

ಕೊಯ್ತಾ ಕೈಯಾಗ ಇತ್ತು. ಯಾವಾಗಲೂ ಇರತೈತಿ.
ಅಲಗು ತಿರುವಿ ಬೆನ್ನಿಂದ ಹೊಡದೆ.
ಒಂದನೇ ಏಟಿಗೆ ಏನೂ ಆಗಲಿಲ್ಲ. ಎರಡನೇದಕ್ಕ
ಸಕ್ರಿ ಸುರದಂಗ ಸುರೀತು.

ಮಾಲಕ ಬಂದ, ಬಾಯಾಗ ಹಲ್ಲುಕಡ್ಡಿ ಹಂಗ ಇತ್ತು.
ಮೊದಲು ಗಾಜು ನೋಡಿದ.
ಆಮ್ಯಾಲೆ ಸೀಟು.
ಆಮ್ಯಾಲೆ ನಾಯಿ: ನನ್ನ ಗಾಡಿ ಕೆಳಗ, ಹಸಿ ಗೋಣಿಚೀಲದ ಮ್ಯಾಲೆ,
ನನ್ನ ಬೊಗಸ್ಯಾಗ ಎಳನೀರು ನೆಕ್ಕತಿತ್ತು.

ಹವಾಲ್ದಾರ ಕೇಳಿದ, ಸುಣೆಂ ಕೊಣಾಚೆಂ?
ನಾಯಿ ಅವರದು, ಅಂದೆ.
ಕಾರು?
ಅದೂ ಅವರದು.
ಮತ್ತ ನಿಂದೇನೈತಿ ಇಲ್ಲಿ?
ಕೊಯ್ತಾ, ಅಂದೆ.
ಅದನ್ನ ಇಸಗೊಂಡ.

ವಕೀಲಬಾಯಿ ಇರ್ಮಿನಾ ಒಳ್ಳ್ಯಾಕಿ, ಫೀ ಮುಟ್ಟಿಲ್ಲ.
ತಿಳಿಸಿ ಹೇಳಿದಳು: ಕಾಯಿದೆದಾಗ ನಾಯಿ ಅಂದ್ರ ಸೊತ್ತು,
ಗಾಜು ಅಂದ್ರೂ ಸೊತ್ತು.
ಸೊತ್ತು ಉಳಸಾಕ ಸೊತ್ತು ಒಡದ್ವಿ ಅನ್ನಬೇಕಂತ ನಾವು.
ಗಾಜಿಗೆ ಇಪ್ಪತ್ತೆರಡು ಸಾವಿರದ ಬಿಲ್ಲು ಹಚ್ಯಾರ.
ನಾಯಿ ಸಂಕಟಕ್ಕ ಎಷ್ಟು? ಅಂದೆ.
ಬಾಯಿ ಕಣ್ಣಡಕ ತಗದು ಒರಸಿದಳು.
ಅರವತ್ತನೇ ಇಸವಿ ಕಾಯಿದೆ ಅಂತ ಅದು. ಮೊದಲನೇ ತಪ್ಪಿಗೆ ದಂಡ
ಹತ್ತು ರೂಪಾಯಿಂದ ಐವತ್ತರ ತನಕ.
ಎಳನೀರು ನಾ ಅರವತ್ತಕ್ಕ ಮಾರತೇನಿ ರೀ.

ಓದಿ ಹೇಳ ಅಂದೆ ಮಗಳಿಗೆ, ಇಡೀ ಕಾಗದ.
ಕಾರಿನ ನಂಬರು ಆರು ಸಲ ಬಂತು.
ನಾಯಿಗೆ ಹೆಸರು ಇತ್ತೋ ಇಲ್ಲೋ, ಎಲ್ಲೂ ಬರಲಿಲ್ಲ.

ಕೇಡು ಮಾಡೋ ಉದ್ದೇಶ ಇರಲಿಲ್ಲ, ಹಿಂಗನ್ನು ಅಂತ ಕಲಿಸ್ಯಾಳ.
ಕೇಡಿಂದು ಇರಲಿಲ್ಲ, ಖರೆ.
ಆದ್ರ ಕೈ ತಪ್ಪಿ ತಾಕಿತು ಅಂತ ಬರಕೋಬ್ಯಾಡ್ರಿ.
ಒಡೀಬೇಕಂತನ ಒಡದೇನಿ.
ಎರಡು ಸಲ.

ದಂಡ ಏನಾರ ಹಾಕ್ರಿ. ಒಂದ ಮಾತು ಕೇಳತೇನಿ.
ಅಕಾ, ಆ ಕಪಾಟಿನ ಮ್ಯಾಲೆ ಬಟ್ಟ್ಯಾಗ ಸುತ್ತಿ,
ಚೀಟಿ ಕಟ್ಟಿ, ಅರಗು ಒತ್ತಿ ಇಟ್ಟೀರಲ್ಲ,
ಮುದ್ದೆಮಾಲು ನಂಬರ್ ಒಂದು,
ಮೂರು ತಿಂಗಳಾತು ಅದಕ್ಕ ಕೊಬ್ರಿ ಎಣ್ಣಿ ಸವರಿಲ್ಲ.
ಬಾಡಿಗಿ ಕೊಯ್ತಾಕ್ಕ ನನ್ನ ಕೈ ಕೂಡವಲ್ದು.
ಸಮುದ್ರದ ಗಾಳಿ ಇದು, ತಿಂತೈತಿ ಕಬ್ಬಿಣ.
ತಾರೀಖು ಎಷ್ಟ ಮುಂದ ಹಾಕ್ರಿ ಬೇಕಾದ್ರ,
ನಡುವ ಒಂದಿನ ಯಾರರ ಬಿಚ್ಚಿ
ಒರಸಿ ಇಡ್ರಿ.