ತೇಗಿನ ಲೆಕ್ಕ

ತೊರ್ಕಿಲ್, ನಿನ್ನ ಹಸುಗಳ ತೇಗಿಗೆ
ಇನ್ನು ತೆರಿಗೆ.
ಹೀಗೆ ನೇರ ಹೇಳಬಾರದು,
'ಮೆಲುಕಿನಿಂದ ಹೊರಡುವ ಅನಿಲ' ಎನ್ನಬೇಕೆಂದು
ಕಚೇರಿಯ ತರಬೇತಿಯಲ್ಲಿ ಕಲಿಸಿದ್ದಾರೆ.
ಆದರೆ ಕೊಟ್ಟಿಗೆಯ ಬಾಗಿಲು ದಾಟಿದ ಕೂಡಲೇ
ಎಂಬತ್ತೇಳನೇ ನಂಬರಿನ ಹಸು
ನನ್ನ ಕನ್ನಡಕ ಮಬ್ಬಾಗುವಂತೆ ತೇಗಿತು.
ಕಲಿತದ್ದು ಅಲ್ಲೇ ಮರೆತೆ.

ನೀನು ನಗಲಿಲ್ಲ.
ಬೂಟಿನ ಕೆಸರನ್ನು ಕಂಬಿಗೆ ಒರೆಸುತ್ತ ಕೇಳಿದೆ:
"ಉಂಡವರು ತೇಗಬಾರದೆ?
ಕಾನೂನು ಬರೆದವರು ತೇಗುವುದಿಲ್ಲವೆ?"

ಅಡುಗೆಮನೆಯ ಮೇಜು.
ರಸಗೊಬ್ಬರದ ರಸೀತಿ, ಪಶುವೈದ್ಯರ ಬಿಲ್ಲು,
ಹಾಲಿನ ಸಹಕಾರ ಸಂಘ ಕಳಿಸಿದ
ನಲವತ್ತೊಂದು ಪುಟದ ಪ್ರಶ್ನಾವಳಿ:
ಸೋಯಾ ಎಲ್ಲಿಯದು? ಕಾಡು ಕಡಿದ ನೆಲದ್ದೇ?
ಡೀಸೆಲ್ ಎಷ್ಟು? ಸಗಣಿಗುಂಡಿಗೆ ಮುಚ್ಚಳ ಉಂಟೇ?
ನೀನು ಉತ್ತರಿಸಿದ್ದು ಒಂದಕ್ಕೆ ಮಾತ್ರ,
ಒಡೆಯನ ಹೆಸರು.

ನೂರಾ ಹನ್ನೆರಡು ಹಸು.
ತಲೆಗೆ ವರ್ಷಕ್ಕೆ ಇಷ್ಟು ಟನ್ನು,
ಟನ್ನಿಗೆ ಮುನ್ನೂರು ಕ್ರೋನರ್,
ನೂರಕ್ಕೆ ಅರುವತ್ತು ಮಾಫಿ,
ಮೂವತ್ತನೇ ಇಸವಿಯಿಂದ ಜಾರಿ.
ಮೇವಿಗೆ ಪುಡಿ ಬೆರೆಸಿದರೆ ಇನ್ನೂ ಇಳಿಯುತ್ತದೆ ಎಂದೆ.
"ಬೆರೆಸಿದೆ. ಮೂರು ಹಸು ಮೇವೇ ಬಿಟ್ಟವು."
ಅದಕ್ಕೆ ಕಾಲಂ ಇಲ್ಲ,
ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡೆ.

ಆಮೇಲೆ ನೀನು ಹೇಳುತ್ತಲೇ ಹೋದೆ:
ಹಾಲು ಕರೆಯುವ ಯಂತ್ರ ರಾತ್ರಿ ಮೂರಕ್ಕೆ
ಫೋನು ಮಾಡಿ ಎಬ್ಬಿಸುತ್ತದೆ.
ಹೆಸರಿದ್ದ ಕೊನೆಯ ಹಸು ದಾಗ್ನಿ,
ಅವಳ ಬಳಿಕ ಬಂದವೆಲ್ಲ ಬರೀ ನಂಬರು.
ಸುಂಕದವನ ಮುಂದೆ ಸುಖದುಃಖ ಅಂತಾರಲ್ಲ,
ಸುಂಕದವಳು ತಲೆಯಾಡಿಸುತ್ತ ಅಂಕಿ ಕೂಡುತ್ತಿದ್ದೆ.

ಆಗ ನನ್ನ ಕಾಫಿಗೆ, ಕೇಳದೆಯೇ,
ಹಾಲು ಸುರಿದೆ.
ಕಪ್ಪಿನೊಳಗೆ ಬಿಳಿ ಇಳಿದು, ತಿರುಗಿ, ಹರಡಿತು.

ತೊರ್ಕಿಲ್, ನನ್ನ ಅಪ್ಪ ಏಯ್ನರ್
ಹಾವುಮೀನು ಹಿಡಿಯುತ್ತಿದ್ದ,
ನಿನ್ನ ಕೆಳಗದ್ದೆಯ ಕಾಲುವೆ ಹೋಗಿ ಸೇರುವ
ಅದೇ ಫ್ಯೋರ್ಡಿನಲ್ಲಿ.
ಮೇಲಿನ ಹೊಲಗಳಿಗೆ ಹಾಕಿದ್ದೆಲ್ಲ ಕೆಳಗಿಳಿದು
ಪಾಚಿ ಉಬ್ಬಿ, ಪಾಚಿ ಕೊಳೆತು,
ನೀರಿಗೇ ಉಸಿರು ಕಟ್ಟಿದ ಒಂದು ಆಗಸ್ಟ್
ದೋಣಿಯಿಂದ ಬಗ್ಗಿ ನೋಡು ಎಂದ.
ತಳದ ಉದ್ದಕ್ಕೂ ಬಿಳಿ ಪೊರೆ.
ಹೆಣಕ್ಕೆ ಹೊದಿಸುವ ಬಟ್ಟೆ ಅನ್ನುತ್ತಾರೆ ಮೀನುಗಾರರು.
ಅಪ್ಪ ಬೈಯಲಿಲ್ಲ, ಅಳಲಿಲ್ಲ,
ಬಲೆ ಒಣಗಿಸಿ ಮಡಚಿದ,
ಬಸ್ಸು ಓಡಿಸಲು ಕಲಿತ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ.
ತೆರಿಗೆ ಕಟ್ಟುವವನ ಮುಂದೆ
ಸುಂಕದವಳ ಸುಖದುಃಖ!
ಗಾದೆ ತಿರುಗುಮುರುಗಾಯಿತು.

ನೀನು ಬಹಳ ಹೊತ್ತು ಚಮಚ ನೋಡುತ್ತಿದ್ದೆ.
"ಅದಕ್ಕೆ ಯಾರು ಕಟ್ಟಿದರು?"
ಯಾರೂ ಇಲ್ಲ. ಆಗ ಕಾಲಂ ಇರಲಿಲ್ಲ.
"ದೋಣಿಯ ಹೆಸರೇನು?"
ಹೇಳಿದೆ.
"ನಮ್ಮಮ್ಮ ಕ್ರಿಸ್ಮಸ್ಸಿಗೆ ಅದೇ ದೋಣಿಯಿಂದ
ಒಂದು ಬುಟ್ಟಿ ತರಿಸುತ್ತಿದ್ದಳು."

ನಕ್ಷೆ ಬಿಚ್ಚಿದೆ. ತಗ್ಗಿನ ಏಳು ಹೆಕ್ಟೇರು:
ಸರಕಾರ ಕೊಳ್ಳುತ್ತದೆ, ಕಾಲುವೆ ಮುಚ್ಚಿ
ನೀರು ನಿಲ್ಲಲು ಬಿಡುತ್ತದೆ, ನೀನು ಒಪ್ಪಿದರೆ.
ನಿನ್ನ ಪೆನ್ಸಿಲು ಕಾಲುವೆಯ ಮೇಲೆ ಬಂದು ನಿಂತಿತು,
ಎದ್ದಿತು.
"ಅಲ್ಲಿ ಎರಡನೇ ಕೊಯ್ಲಿನ ಹುಲ್ಲು ಚೆನ್ನಾಗಿ ಬರುತ್ತೆ.
ನೋಡೋಣ."
'ನೋಡೋಣ' ಎಂದರೆ ಜುಟ್ಲೆಂಡಿನಲ್ಲಿ
ಹೌದೂ ಆಗಬಹುದು, ಹೋಗಿ ಬಾ ಎಂದೂ ಆಗಬಹುದು.

ಕಾರಿನ ತನಕ ಬಂದೆ.
ದಾರಿಯಲ್ಲಿ, ಹುಲ್ಲಿನ ಮೇಲೆ,
ಮೈ ಇನ್ನೂ ಒಣಗದ ಕರು,
ಬೆಳಗಿನ ಜಾವದ್ದು.
ನೂರಾ ಹದಿಮೂರಾಯಿತಲ್ಲ ಎಂದು
ಕಡತ ತೆರೆದೆ.
"ಅದಿನ್ನೂ ಹಾಲು ಕುಡಿಯುತ್ತೆ, ಮೇಡಂ,
ಮೆಲುಕು ಹಾಕೋದು ಕಲಿತಿಲ್ಲ."

ಸೊನ್ನೆ ಬರೆದೆ.
ಕರು ನನ್ನ ಬೆರಳನ್ನು ಮೊಲೆಯೆಂದು ತಿಳಿದು
ಚೀಪಿತು.