ಏಳು ದಿನ

ಇ.ಎಸ್.ಐ. ಕಿಟಕಿಯೊಳಗಿನವನು ಎರಡು ಸಲ ನೋಡಿದ.
ಎಪ್ಪತ್ತೊಂದೇ ಐತಲ್ಲ ಕೊಟ್ರಮ್ಮಾ,
ಎಪ್ಪತ್ತೆಂಟು ಬೇಕು.

ನೂಲಿಲ್ಲ ಅಂತ ಮಿಲ್ಲಿನವರೇ
ಗೇಟು ಹಾಕಿದ್ದು ನಾಕು ದಿನ.
ಉಳಿದ ಮೂರು?
ಈ ಕೆಮ್ಮು ಶುರುವಾಗಿದ್ದೇ ಆಗ, ಸಾರ್.
ಮಲಗಿಬಿಟ್ಟಿದ್ದೆ.

ಅವನು ಕನ್ನಡಕ ತೆಗೆದ, ಒರೆಸಿದ,
ಹಾಕಿಕೊಂಡ. ಅಷ್ಟೇ ಇತ್ತು.
ಗುಳಿಗೆ ಕೊಡ್ತಾರೆ, ಇಸ್ಕೋ.
ದುಡ್ಡು ಬರಲ್ಲ.

ನಿಟುವಳ್ಳಿ ರಸ್ತೆಯಲ್ಲಿ ಬಿಸಿಲು.
ಹುಡುಗರಿಗೆಂದು ಮಂಡಕ್ಕಿ ಕೊಂಡಳು.
ಸೇರು ತುಂಬಿ ಅಳೆದವನು
ಕೇಳದೆಯೇ ಮೇಲೊಂದು ಹಿಡಿ ಸುರಿದ,
ಕೊಸರು.

ಎಷ್ಟು ಹೊತ್ತು ನಿಂತಳೋ
ಅದನ್ನೇ ನೋಡುತ್ತ.

ಆಮೇಲೆ ಕೆಮ್ಮು ಬಂತು.
ಸೆರಗು ಅಲುಗಿ
ಏಳೆಂಟು ಕಾಳು ಮಣ್ಣಿಗೆ ಬಿದ್ದವು.
ಬಗ್ಗಿ ಎಣಿಸಲಿಲ್ಲ.