ಲೆಕ್ಕಕ್ಕಿಲ್ಲದ ಊರುಗಳು

ಜೂನ್ ಮೊದಲ ವಾರ ಐತಪ್ಪ ಮಾಸ್ಟ್ರು
ಸಹಕಾರಿ ಬ್ಯಾಂಕಿನ ಮಲಯಾಳ ಕ್ಯಾಲೆಂಡರನ್ನು
ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿ
ಉಳುಕಿದ ಕಾಲು ನೋಡುವ ಹಾಗೆ
ಒತ್ತಿ ಒತ್ತಿ ನೋಡುತ್ತಿದ್ದರು ತಿಂಗಳುಗಳನ್ನು.

ವಲಯದ ಆಟ ಐದು. ಯೂನಿವರ್ಸಿಟಿ ಕೊಟ್ಟದ್ದು, ಕೆಂಪು ಶಾಯಿ.
ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರು:
ಹೋಗುವುದು, ಗೆಲ್ಲುವುದು, ಪರೋಟ ತಿನ್ನುವುದು,
ಸಂಜೆಯ ಲೋಕಲಿಗೆ ವಾಪಸು.
‘ಇದರಿಂದ ಎಂತ ಕಲಿತಿರಿ?’
‘ಪರೋಟ’ ಎಂದ ಒಮ್ಮೆ ಬೇಳದ ವಲೇರಿಯನ್;
ಮೈದಾನಕ್ಕೆ ಹನ್ನೆರಡು ಸುತ್ತು ಓಡಿದ.

ಉಳಿದ ಶನಿವಾರಗಳು ಖಾಲಿ.
ಕಿವಿಯ ಪೆನ್ಸಿಲು ತೆಗೆದು ನನ್ನನ್ನು ಕರೆಯುತ್ತಿದ್ದರು
(ನಾನು ಎರಡನೇ ಗೋಲಿ; ಅಕ್ಷರ ದುಂಡಗೆ).
‘ಹೇಳು, ಎಲ್ಲಿ ನಮಗೆ ಸರಿಯಾಗಿ ಪೆಟ್ಟು ಬೀಳ್ತದೆ?’

ಹನ್ನೊಂದು ಇನ್‌ಲ್ಯಾಂಡ್ ಪತ್ರ ಬರೆದೆ.
ತೃಶೂರಿನವರು ಉತ್ತರಿಸಲಿಲ್ಲ.
ಕಲ್ಲಿಕೋಟೆಯವರಿಗೆ ದಿನ ಇಲ್ಲ.
ಮಂಗಳೂರಿನವರು ಸೌಜನ್ಯದಿಂದ:
‘ನಿಮ್ಮದು ಮುರಕಲ್ಲಿನ ಮೈದಾನ,
ನಮ್ಮ ಹುಡುಗರಿಗೆ ಮೊಣಕಾಲು ಎರಡೇ ಇರುವುದು,
ತಾವೇ ಬರಬೇಕು.’
ದೊಡ್ಡ ತಂಡ ತನ್ನ ಹುಲ್ಲು ಬಿಟ್ಟು ಕದಲುವುದಿಲ್ಲ ಮಾರಾಯ,
ರೈಲು ಹಿಡಿಯುವುದು ಯಾವಾಗಲೂ ಸಣ್ಣದು.

ಪ್ರಿನ್ಸಿಪಾಲರು ಕನ್ನಡಕ ಒರೆಸಿದರು.
‘ಪಾಯಿಂಟ್ ಉಂಟೋ?’
‘ಇಲ್ಲ ಸಾರ್.’
‘ಕಪ್?’
‘ಇಲ್ಲ.’
‘ಮತ್ತೆಂತ ಉಂಟು?’
‘ಸೋಲು ಉಂಟು ಸಾರ್. ಒಳ್ಳೆಯ ಜಾತಿಯದು.’
ಟಿ.ಎ. ಫೈಲು ಅಲ್ಲಿಗೆ ಮುಚ್ಚಿತು.

ಚಿಕ್ಕಂದಿನಲ್ಲಿ ತಂಗಿಯನ್ನು ಸೇರಿಸಿಕೊಳ್ಳುತ್ತಿದ್ದೆವು
ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು.
ಮುಟ್ಟಿದರೂ ಅವಳು ಔಟಲ್ಲ.
ಅಂಗಳದಲ್ಲಿ ಎಲ್ಲರಿಗಿಂತ ಜೋರು ಓಡುತ್ತಿದ್ದವಳು ಅವಳೇ.
ಇದು ನೆನಪಾದದ್ದು ನವೆಂಬರಿನ ಒಂದು ರಾತ್ರಿ,
ಮೊಗ್ರಾಲಿನ ಅಬ್ಬಾಸನ ಮಾವನ ಮೀನು ಲಾರಿಯಲ್ಲಿ,
ಖಾಲಿ ಪೆಟ್ಟಿಗೆಗಳ ನಡುವೆ, ಜೆರ್ಸಿಯ ಅಕ್ಕಿಗೋಣಿಗೆ ಒರಗಿ
ಹದಿನಾಲ್ಕು ಮಂದಿ
ಅರೀಕೋಡಿಗೆ ಹೋಗುವಾಗ.

ಅಲ್ಲಿ ಅಡಕೆಮರದ ಅಟ್ಟಣಿಗೆ, ಅದರ ಮೇಲೆ ಊರೇ ಉಂಟು.
‘ಎಲ್ಲಿಂದ?’
‘ಕಾಸರಗೋಡು.’
‘ಓ, ಕರ್ನಾಟಕ!’
(ಹೋದ ತಿಂಗಳು ಮಂಗಳೂರಿನಲ್ಲಿ
ಇದೇ ಉತ್ತರಕ್ಕೆ, ‘ಓ, ಕೇರಳದವರು!’)
ಉಪ್ಪಳದ ಮುಶ್ತಾಕ್ ಉರ್ದುವಿನಲ್ಲಿ ಏನೋ ಗೊಣಗಿದ,
ಅದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಮೊದಲ ಹತ್ತು ನಿಮಿಷ ಅವರು ನಮ್ಮ ಹತ್ತಿರ ಬರಲಿಲ್ಲ.
ನಮ್ಮ ಆಟಕ್ಕೆ ಹೆದರಿ ಅಂದುಕೊಂಡೆವು;
ಬೂತಾಯಿಯ ವಾಸನೆಗೆ.
ಆಮೇಲೆ ಬಂದರು.

ಅರ್ಧಕ್ಕೆ ಮೂರು. ಕೊರಗಪ್ಪನ ಬೆರಳು ಮುರಿದು
ಅವನ ಗ್ಲೋವ್ಸು ಇನ್ನೂ ಬಿಸಿ ಇರುವಾಗ ನಾನು ಹಾಕಿಕೊಂಡೆ.
‘ಪಿರವು ತೂಲ!’ ಬೆಳ್ಚಪ್ಪಾಡರ ಹುಡುಗ ಕೂಗಿದ;
ಹಿಂದೆ ನೋಡಿದೆ, ಚೆಂಡು ಬಲೆಯಲ್ಲಿತ್ತು.
ಅವರ ಒಂಬತ್ತನೇ ನಂಬರು ಒಬ್ಬ ಕಡ್ಡಿ ಹುಡುಗ,
ಚೆಂಡು ನೋಡುವವನಲ್ಲ, ನನ್ನ ಕಣ್ಣು ನೋಡುವವನು.
ಅವನ ಕಣ್ಣನ್ನೇ ನೋಡುತ್ತ ನಾಲ್ಕು ಬಿಟ್ಟೆ.
ಐದನೆಯ ಸಲ ಯಾಕೋ
ಅವನ ಸೊಂಟ ನೋಡಿದೆ.
ಚೆಂಡು ಎದೆಗೆ ಬಂದು ಬಿತ್ತು,
ಬಿಸಿ ತೆಂಗಿನಕಾಯಿಯ ಹಾಗೆ.
ಅಟ್ಟಣಿಗೆಯಲ್ಲಿ ಬೀಡಿಯ ಮುದುಕನೊಬ್ಬ ಎದ್ದು ನಿಂತು
ಎರಡು ಸಲ ಚಪ್ಪಾಳೆ ತಟ್ಟಿ ಕೂತ.

ಏಳು ಸೊನ್ನೆ. ಎಲ್ಲಿಯೂ ಬರೆದಿಲ್ಲ,
ಪೇಪರಿನಲ್ಲಿಲ್ಲ, ಕಾಲೇಜು ವಾರ್ಷಿಕದಲ್ಲಿಲ್ಲ.
ಮರಳುವಾಗ ಚಂದ್ರಗಿರಿ ಸೇತುವೆ ದಾಟುವವರೆಗೂ
ಮಾಸ್ಟ್ರು ಮಾತಾಡಲಿಲ್ಲ.
ಮತ್ತೆ, ‘ಸೊಂಟ ನೋಡಿದೆ, ಅಲ್ವಾ?’

ಆ ವರ್ಷ ವಲಯದ ಫೈನಲು ಪೆನಾಲ್ಟಿಗೆ ಹೋಯಿತು.
ಸೊಂಟವನ್ನೇ ನೋಡಿದೆ.
ಚೆಂಡು ಆಚೆ ಬದಿಗೆ ಹೋಯಿತು.

ಜೂನ್. ಕ್ಯಾಲೆಂಡರು ಮೇಜಿನ ಮೇಲೆ.
ಕೆಂಪು ಐದು, ಉಳಿದದ್ದು ಖಾಲಿ.
‘ಗೋವಾದಲ್ಲಿ ಒಂದು ಕಾಲೇಜು ಉಂಟಂತೆ,’ ಎಂದರು,
ಬಾಯಲ್ಲಿ ನೀರೂರಿದವರ ಹಾಗೆ,
‘ಬಂದವರಿಗೆ ಹತ್ತು ಹಾಕಿಯೇ ಕಳಿಸುವುದಂತೆ.
ಎಂತ ನೋಡ್ತೀ,
ಪೆನ್ನು ತೆಗೆ.’